ಅತಿದೀರ್ಘ ಪುರುಷನ ಪರೀಕ್ಷೆ

ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಇವನು ಮುಂದೆ ಏನಾದಾನೆಂದು ನಿರ್ಣಯಿಸುವುದು ಲೋಕದಲ್ಲಿನ ಕಷ್ಟತರವಾದ ಕಾರ್ಯಗಳಲ್ಲೊಂದು. ತಂದೆತಾಯಿಗಳು ಇದನ್ನು ವಾತ್ಸಲ್ಯದಿಂದ ಮಾಡುವರು. ಜೋಯಿಸರು ದಕ್ಷಿಣೆಗಾಗಿ ಮಾಡುವರು. ಮೂವತ್ತೈದು ವರ್ಷ ಪಾಠ ಹೇಳಿ ವಿಶ್ರಾಂತಿ ಪಡೆದ ನಮ್ಮಂತಹ ಉಪಾಧ್ಯಾಯರು ಅಭ್ಯಾಸಬಲದಿಂದ ಮಾಡುವೆವು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಇದನ್ನೇ ಪ್ರತಿವರ್ಷವೂ, ಅಪಾರವಾದ ಧನವನ್ನು ಪಣವಾಗಿಟ್ಟು, ದೇಶವೆಲ್ಲ ನೋಡುತ್ತಿರುವಂತೆ ಬಹಿರಂಗದಲ್ಲಿ ಮಾಡುವರು. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಕಾಲೇಜಿನ ಹುಡುಗರನ್ನು ವೃತ್ತಿಯ ತಂಡಗಳು ಆರಿಸಿಕೊಳ್ಳುವ ಈ ಕ್ರಮಕ್ಕೆ ಅಲ್ಲಿ ಡ್ರಾಫ್ಟ್ ಎಂದು ಹೆಸರು. ಆ ಆಯ್ಕೆಯಲ್ಲಿ ಎಲ್ಲರಿಗಿಂತಲೂ ದುರ್ವಿಜ್ಞೇಯನಾದವನು ಯಾವನೆಂದರೆ, ಎಲ್ಲರಿಗಿಂತಲೂ ಎತ್ತರವಾದವನು. ಕಣ್ಣಿಗೆ ಮೊದಲು ಕಾಣುವವನೇ ಬುದ್ಧಿಗೆ ಕಡೆಯಲ್ಲಿ ನಿಲುಕುವನೆಂಬುದು ವಿಚಿತ್ರವಲ್ಲವೇ? ಆ ವಿಚಿತ್ರವನ್ನು ಒಂದು ನಿಜವಾದ ದೃಷ್ಟಾಂತದ ಮೂಲಕ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟದ ಸ್ವರೂಪವನ್ನರಿಯದವರಿಗಾಗಿ ಮೊದಲು ಎರಡು ಮಾತು. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲಿ ಆಡಲು ಏನಾದರೊಂದು ಬೇಕೆಂದು ಯೋಚಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿಯ ಎತ್ತರದಲ್ಲಿ ಮೊಳೆಹೊಡೆದು ನಿಲ್ಲಿಸಿದರು. ಆ ಬುಟ್ಟಿಯೊಳಗೆ ಚೆಂಡನ್ನು ಹಾಕುವುದೇ ಆಟ. ಬುಟ್ಟಿಯ ಜಾಗಕ್ಕೆ ಕಬ್ಬಿಣದ ಬಳೆಯೂ ನೂಲಿನ ಬಲೆಯೂ ಬಂದುವು. ಹತ್ತಡಿಯ ಎತ್ತರ ಮಾತ್ರ ಇಂದಿಗೂ ಬದಲಾಗಿಲ್ಲ. ಒಂದೊಂದು ಪಕ್ಷದಲ್ಲಿ ಐವರು. ತೊಂಬತ್ತನಾಲ್ಕಡಿ ಉದ್ದ, ಐವತ್ತಡಿ ಅಗಲದ ನೆಲ. ಕ್ರೈಸ್ತ ಯುವಕರ ಸಂಘದ ಮೂಲಕ ನಮ್ಮ ದೇಶಕ್ಕೂ ಬಂದ ಈ ಆಟದ ಕಂಬಗಳನ್ನು ಬೆಂಗಳೂರು, ಮೈಸೂರುಗಳ ಶಾಲೆಯ ಅಂಗಳಗಳಲ್ಲಿ ವಾಚಕರು ಕಂಡೇ ಇರುವರು. ಬುಟ್ಟಿ ಹತ್ತಡಿಯಲ್ಲಿಯೇ ನಿಂತಿರುವಾಗ, ಏಳಡಿಯ ಹುಡುಗನು ಅದಕ್ಕೆ ಹುಟ್ಟಿನಿಂದಲೇ ಹತ್ತಿರದ ನಂಟನೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಇನ್ನು ಆಯ್ಕೆಯ ಕ್ರಮ. ಇದು ೧೯೪೭ರಲ್ಲಿ ಮೊದಲಾಯಿತು. ಹಿಂದಿನ ವರ್ಷ ಸೋತು ಸೊರಗಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ; ಇದರ ಆಸೆಗಾಗಿ ಬೇಕೆಂದೇ ಸೋಲುವವರು ಇರಬಾರದೆಂದು ೧೯೮೫ರಿಂದ ಚೀಟಿ ಎತ್ತುವ ಪದ್ಧತಿಯನ್ನೂ ಸೇರಿಸಿದರು. ೧೯೮೯ರಿಂದ ಎರಡೇ ಸುತ್ತುಗಳು. ಮೂವತ್ತು ತಂಡಗಳಿರುವುದರಿಂದ ಹೆಚ್ಚೆಂದರೆ ಅರವತ್ತು ಮಂದಿ ಆಯ್ಕೆಯಾಗಬಹುದು. ಮೊದಲನೆಯ ಸುತ್ತಿನಲ್ಲಿ ಕರೆಯಲ್ಪಟ್ಟು ಕರಾರಿಗೆ ಸಹಿ ಹಾಕಿದವನಿಗೆ ಎರಡು ವರ್ಷದ ಸಂಬಳವು ನಿಯಮದಿಂದಲೇ ಖಚಿತ. ಎರಡನೆಯ ಸುತ್ತಿನವನಿಗೆ ನಿಯಮದಿಂದ ಬರುವ ಅಂತಹ ಆಶ್ವಾಸನೆಯಿಲ್ಲ. ಆದುದರಿಂದ ಮೂವತ್ತನೆಯವನಿಗೂ ಮೂವತ್ತೊಂದನೆಯವನಿಗೂ ನಡುವೆ ಇರುವುದು ಒಂದು ಸಂಖ್ಯೆಯ ಅಂತರವಲ್ಲ. ಒಂದು ಮನೆತನದ ಯೋಗಕ್ಷೇಮದ ಅಂತರ. ಪರೀಕ್ಷಕರ ಬಾಯಿಯಿಂದ ಬರುವ ಒಂದು ಮಾತು ಎಷ್ಟು ಭಾರವಾದುದೆಂಬುದು ಇದರಿಂದ ವೇದ್ಯವಾಗುವುದು.

ನಾವು ಎತ್ತಿಕೊಂಡಿರುವ ದೃಷ್ಟಾಂತವು ಜ್ಯಾಕ್ ಈಡಿ ಎಂಬ ಯುವಕನದು. ೨೦೦೨ರ ಮೇ ತಿಂಗಳಿನಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜನಿಸಿದ ಇವನು ಬಾಲ್ಯದಲ್ಲಿ ಹಿಮದ ಮೇಲಣ ಹಾಕಿಯನ್ನೂ ಬೇಸ್‌ಬಾಲನ್ನೂ ಆಡುತ್ತಿದ್ದನೇ ಹೊರತು, ಬ್ಯಾಸ್ಕೆಟ್‌ಬಾಲನ್ನು ಕಲಿಯತೊಡಗಿದುದು ಹೈಸ್ಕೂಲಿಗೆ ಬಂದ ಮೇಲೆ. ಕಾಲೇಜಿನವರು ಹುಡುಗರನ್ನು ಹುಡುಕುವಾಗ ಇವನ ಹೆಸರು ಪಟ್ಟಿಯ ಬಹು ಕೆಳಗೆ, ನೂರಾರು ಹೆಸರುಗಳ ಹಿಂದೆ ಇದ್ದಿತು. ೨೦೨೦ರಲ್ಲಿ ಇಂಡಿಯಾನಾ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾನಿಲಯವನ್ನು ಸೇರಿ, ಮ್ಯಾಟ್ ಪೇಂಟರ್ ಎಂಬ ಶಿಕ್ಷಕರ ಕೈಕೆಳಗೆ ನಾಲ್ಕು ವರ್ಷ ಆಡಿದನು. ಎತ್ತರ ಏಳಡಿ ನಾಲ್ಕಂಗುಲ. ತೂಕ ಸುಮಾರು ಮುನ್ನೂರು ಪೌಂಡು, ಎಂದರೆ ನೂರ ಮೂವತ್ತಾರು ಕಿಲೋಗ್ರಾಂ. ೨೦೨೩ ಮತ್ತು ೨೦೨೪ ಈ ಎರಡು ವರ್ಷಗಳಲ್ಲಿಯೂ ದೇಶದ ಕಾಲೇಜು ಆಟಗಾರರಲ್ಲೆಲ್ಲ ಶ್ರೇಷ್ಠನೆಂಬ ಬಿರುದನ್ನು ಗಳಿಸಿದನು. ಒಂದರ ಹಿಂದೊಂದು ವರ್ಷ ಈ ಗೌರವವು ಒಬ್ಬನಿಗೇ ಸಂದುದು ೧೯೮೦ರ ದಶಕದ ಆರಂಭದಲ್ಲಿದ್ದ ರಾಲ್ಫ್ ಸ್ಯಾಂಪ್ಸನ್‌ನ ಬಳಿಕ ಇವನಿಗೇ. ಹೀಗಿದ್ದರೂ ವೃತ್ತಿಯ ತಂಡಗಳ ಪರೀಕ್ಷಕರು ಇವನನ್ನು ನೋಡಿ ತಲೆ ಕೆರೆದುಕೊಂಡರು. ಕಾಲೇಜಿನಲ್ಲಿ ಅಗ್ರಗಣ್ಯನಾದವನು ವೃತ್ತಿಯಲ್ಲಿ ಏಕೆ ಸಂಶಯಾಸ್ಪದನಾದನು? ಪೂರ್ವಪಕ್ಷವನ್ನು ಮೊದಲು ಕೇಳೋಣ.

ಎತ್ತರದವನಿಗೂ ನಿಯಮಗಳನ್ನು ರಚಿಸುವವರಿಗೂ ಎಂಬತ್ತು ವರ್ಷಗಳಿಂದ ಒಂದು ಬಗೆಯ ವ್ಯಾಜ್ಯ ನಡೆಯುತ್ತಿದೆಯೆಂದರೆ ಅತಿಶಯೋಕ್ತಿಯಲ್ಲ. ಜಾರ್ಜ್ ಮೈಕನ್, ಬಾಬ್ ಕರ್ಲಂಡ್ ಎಂಬಿಬ್ಬರು ದೀರ್ಘಕಾಯರು ಬುಟ್ಟಿಯ ಬಾಯಿಗೆ ಇಳಿಯುತ್ತಿದ್ದ ಚೆಂಡನ್ನು ಕೈಯಿಂದ ತಳ್ಳಿಬಿಡುತ್ತಿದ್ದುದರಿಂದ, ೧೯೪೪ರಲ್ಲಿ ಕಾಲೇಜಿನ ಆಟದಲ್ಲಿ ಅದನ್ನು ನಿಷೇಧಿಸಿದರು. ಬುಟ್ಟಿಯ ಮುಂದೆ ಬಣ್ಣ ಬಳಿದ ಒಂದು ಪಟ್ಟಿಯುಂಟು. ಚೆಂಡನ್ನು ಹಿಡಿದ ಪಕ್ಷದವನು ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಲಾಗದು. ವೃತ್ತಿಯ ಆಟದಲ್ಲಿ ಆರಡಿ ಅಗಲವಿದ್ದ ಆ ಪಟ್ಟಿಯನ್ನು ಮೈಕನ್‌ನ ದೆಸೆಯಿಂದ ೧೯೫೧ರಲ್ಲಿ ಹನ್ನೆರಡಡಿಗೆ ಹಿಗ್ಗಿಸಿದರು. ವಿಲ್ಟ್ ಚೇಂಬರ್ಲೇನ್‌ನ ದೆಸೆಯಿಂದ ೧೯೬೪ರಲ್ಲಿ ಹದಿನಾರಡಿಗೆ ಹಿಗ್ಗಿಸಿದರು. ೧೯೬೭ರಿಂದ ೧೯೭೬ರವರೆಗೆ ಕಾಲೇಜಿನಲ್ಲಿ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದನ್ನೇ ಬೇಡವೆಂದರು. ೧೯೭೯ರಲ್ಲಿ ವೃತ್ತಿಯ ತಂಡಗಳು ನೆಲದ ಮೇಲೆ ಒಂದು ಕಮಾನಿನ ಗೆರೆಯನ್ನೆಳೆದು, ಅದರ ಹೊರಗಿನಿಂದ ಎಸೆದು ಗೆದ್ದವನಿಗೆ ಎರಡಕ್ಕೆ ಬದಲಾಗಿ ಮೂರು ಅಂಕ ಕೊಡತೊಡಗಿದುವು. ೨೦೦೧ರಿಂದ, ರಕ್ಷಿಸುವ ಪಕ್ಷದವನೂ ಎದುರಾಳಿಯೊಬ್ಬನನ್ನು ಸಮೀಪದಿಂದ ಕಾಯದೆ ಆ ಪಟ್ಟಿಯೊಳಗೆ ಮೂರು ಸೆಕೆಂಡು ಮೀರಿ ನಿಲ್ಲಕೂಡದೆಂದು ವಿಧಿಸಿದರು.

ಇವುಗಳಲ್ಲಿ ಕಡೆಯ ಎರಡು ನಿಯಮಗಳೇ ಎತ್ತರದ ಹುಡುಗನ ಭವಿಷ್ಯವನ್ನು ತಿದ್ದಿ ಬರೆದುವು. ಕಾಲೇಜಿನ ಆಟದಲ್ಲಿ ಪಟ್ಟಿಯ ಅಗಲ ಇನ್ನೂ ಹನ್ನೆರಡಡಿಯೇ. ಅಲ್ಲಿ ರಕ್ಷಿಸುವವನು ಬುಟ್ಟಿಯ ಕೆಳಗೆ ದೇವಾಲಯದ ದ್ವಾರಪಾಲಕನಂತೆ ಎಷ್ಟು ಹೊತ್ತು ಬೇಕಾದರೂ ನಿಂತಿರಬಹುದು. ವೃತ್ತಿಯ ಆಟದಲ್ಲಿ ದ್ವಾರಪಾಲಕನು ಪದೇಪದೇ ಬಾಗಿಲನ್ನು ಬಿಟ್ಟು ಹೋಗಲೇಬೇಕು. ಕಾಲೇಜಿನ ಆಟ ನಲವತ್ತು ನಿಮಿಷ, ವೃತ್ತಿಯದು ನಲವತ್ತೆಂಟು. ಈಡಿಯ ತಂಡವು ೨೦೨೩–೨೪ರಲ್ಲಿ ಕಡೆಯ ಸುತ್ತಿನವರೆಗೆ ಹೋಗಿಯೂ ಆಡಿದುದು ಮೂವತ್ತೊಂಬತ್ತು ಆಟ. ವೃತ್ತಿಯ ತಂಡಕ್ಕೆ ವರ್ಷದ ಸಾಮಾನ್ಯ ಪಂದ್ಯಗಳೇ ಎಂಬತ್ತೆರಡು.

ಮೇಲಾಗಿ ಲೆಕ್ಕವೊಂದುಂಟು, ಮಕ್ಕಳೂ ಮಾಡಬಹುದಾದ ಲೆಕ್ಕ. ಸಮೀಪದಿಂದ ನೂರು ಸಲ ಎಸೆದು ಐವತ್ತು ಸಲ ಗೆದ್ದವನಿಗೆ ನೂರು ಅಂಕ. ಗೆರೆಯ ಹೊರಗಿನಿಂದ ನೂರು ಸಲ ಎಸೆದು ಮೂವತ್ತಾರೇ ಸಲ ಗೆದ್ದವನಿಗೆ ನೂರೆಂಟು ಅಂಕ. ಈ ಎಂಟರ ಅಂತರವನ್ನು ವೃತ್ತಿಯ ತಂಡಗಳು ಚೆನ್ನಾಗಿ ಮನಗಂಡ ಮೇಲೆ, ಆಟವೇ ಬುಟ್ಟಿಯ ಬುಡದಿಂದ ಹೊರಕ್ಕೆ ಸರಿಯಿತು. ಗೆರೆಯಾದರೋ ಇಪ್ಪತ್ತಮೂರಡಿ ಒಂಬತ್ತಂಗುಲ ದೂರದಲ್ಲಿರುವುದು. ಚುರುಕಾದ ಎದುರಾಳಿಯೊಬ್ಬನು ತನ್ನ ಜೊತೆಗಾರನನ್ನು ಗೋಡೆಯಂತೆ ನಿಲ್ಲಿಸಿ, ಅವನ ಮರೆಯಲ್ಲಿ ಆ ಗೆರೆಯ ಬಳಿ ಬಿಡುವು ಮಾಡಿಕೊಳ್ಳುವನು. ಆಗ ದೀರ್ಘಕಾಯನು ಏನು ಮಾಡಬೇಕು? ಬುಟ್ಟಿಯ ಬಳಿಯೇ ನಿಂತರೆ ಎದುರಾಳಿ ನಿರ್ಭಯವಾಗಿ ಎಸೆಯುವನು; ಮುಂದೆ ಬಂದರೆ ಪಕ್ಕದಿಂದ ನುಸುಳಿ ಬುಟ್ಟಿಗೆ ಓಡುವನು. ಈ ಉಭಯಸಂಕಟವನ್ನು ಬಿಡಿಸಿಕೊಳ್ಳಲು ಬೇಕಾದುದು ಎತ್ತರವಲ್ಲ, ಪಾದಗಳ ಲಾಘವ. ಮುನ್ನೂರು ಪೌಂಡಿನ ಹುಡುಗನಿಗೆ ಅದು ಇದೆಯೇ ಎಂಬುದೇ ಪರೀಕ್ಷಕರ ಶಂಕೆಯ ತಿರುಳು.

ಈ ಶಂಕೆ ನಿರಾಧಾರವಾದುದಲ್ಲ. ಹಿಂದಿನ ಆಯ್ಕೆಗಳ ಚರಿತ್ರೆಯೇ ಅದಕ್ಕೆ ಸಾಕ್ಷಿ. ೧೯೮೪ರಲ್ಲಿ ಪೋರ್ಟ್‌ಲಂಡ್ ತಂಡವು ಎರಡನೆಯವನಾಗಿ ಆರಿಸಿದುದು ಸ್ಯಾಮ್ ಬೂಯಿ ಎಂಬ ಏಳಡಿ ಒಂದಂಗುಲದವನನ್ನು. ಕಾಲಿನ ಮೂಳೆ ಮುರಿದು ಅವನು ಕಾಲೇಜಿನಲ್ಲಿಯೇ ಎರಡು ವರ್ಷ ಕುಳಿತಿದ್ದನು. ವೃತ್ತಿಯಲ್ಲಿಯೂ ಕಾಲುಗಳೇ ಅವನಿಗೆ ಶತ್ರುಗಳಾದುವು. ಅವನ ಬೆನ್ನ ಹಿಂದೆ ಮೂರನೆಯವನಾಗಿ ಶಿಕಾಗೊ ತಂಡಕ್ಕೆ ಹೋದವನು ಮೈಕೆಲ್ ಜೋರ್ಡನ್. ಅದೇ ಪೋರ್ಟ್‌ಲಂಡ್ ತಂಡವು ೨೦೦೭ರಲ್ಲಿ ಓಹಾಯೋ ಪ್ರಾಂತದ ವಿಶ್ವವಿದ್ಯಾನಿಲಯದ ಗ್ರೆಗ್ ಓಡನ್ ಎಂಬ ಏಳಡಿಯವನನ್ನು ಮೊದಲನೆಯವನಾಗಿ ಕರೆಯಿತು. ಆಟ ಮೊದಲಾಗುವುದಕ್ಕೆ ಮುನ್ನವೇ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಮೊದಲ ವರ್ಷವೆಲ್ಲ ಕಳೆಯಿತು. ಅವನು ತನ್ನ ಜೀವಮಾನದಲ್ಲಿ ಆ ಮಟ್ಟದಲ್ಲಿ ಆಡಿದ ಸಾಮಾನ್ಯ ಪಂದ್ಯಗಳು ನೂರ ಐದು ಮಾತ್ರ. ೨೦೦೯ರಲ್ಲಿ ಮೆಂಫಿಸ್ ತಂಡವು ತಾಂಜಾನಿಯಾ ದೇಶದ ಹಶೀಮ್ ತಬೀತ್ ಎಂಬ ಏಳಡಿ ಮೂರಂಗುಲದ ಕಾಲೇಜು ಹುಡುಗನನ್ನು ಎರಡನೆಯವನಾಗಿ ಆರಿಸಿತು. ಅವನು ಸರಾಸರಿಯಲ್ಲಿ ಆಟವೊಂದಕ್ಕೆ ಎರಡು ಅಂಕಕ್ಕಿಂತ ತುಸು ಹೆಚ್ಚು ಗಳಿಸಿ ಮರೆಯಾದನು. ಆ ವರ್ಷ ಏಳನೆಯವನಾಗಿ ಹೋದವನು ಸ್ಟೀಫನ್ ಕರಿ. ದೂರದಿಂದ ಎಸೆಯುವ ವಿದ್ಯೆಯಿಂದ ಆಟದ ಸ್ವರೂಪವನ್ನೇ ಬದಲಾಯಿಸಿದವನು.

ಭಾರತೀಯ ರಕ್ತದ ಇಬ್ಬರು ಯುವಕರ ಕಥೆಯೂ ಇಲ್ಲಿ ನೆನೆಯತಕ್ಕುದು. ಈಡಿಯಂತೆಯೇ ಟೊರಾಂಟೊದಲ್ಲಿ, ಪಂಜಾಬಿ ಮನೆತನದಲ್ಲಿ ಹುಟ್ಟಿದ ಸಿಮ್ ಭುಲ್ಲರ್ ಎಂಬುವನು ಏಳಡಿ ಐದಂಗುಲದವನು. ನ್ಯೂ ಮೆಕ್ಸಿಕೊ ಪ್ರಾಂತದ ಕಾಲೇಜಿನಲ್ಲಿ ಆಡಿ ೨೦೧೪ರ ಆಯ್ಕೆಗೆ ನಿಂತನು. ಯಾವ ತಂಡವೂ ಅವನನ್ನು ಕರೆಯಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ತಂಡದ ಪರವಾಗಿ ಮೂರು ಆಟಗಳಲ್ಲಿ ಕಣಕ್ಕಿಳಿದು, ಆ ಮಟ್ಟದಲ್ಲಿ ಆಡಿದ ಭಾರತೀಯ ವಂಶದ ಪ್ರಥಮ ಪುರುಷನೆನಿಸಿಕೊಂಡನು, ಅಷ್ಟಕ್ಕೇ ಮುಗಿಯಿತು. ೨೦೧೫ರಲ್ಲಿ ಪಂಜಾಬಿನ ಬಲ್ಲೋಕೇ ಗ್ರಾಮದ ಸತ್ನಾಮ್ ಸಿಂಗ್, ಏಳಡಿ ಎರಡಂಗುಲದವನು, ಡ್ಯಾಲಸ್ ತಂಡದಿಂದ ಐವತ್ತೆರಡನೆಯವನಾಗಿ ಆರಿಸಲ್ಪಟ್ಟನು. ಭಾರತದಲ್ಲಿ ಹುಟ್ಟಿದವರಲ್ಲಿ ಈ ಆಯ್ಕೆಗೆ ಪಾತ್ರನಾದವರಲ್ಲಿ ಇವನೇ ಮೊದಲಿಗನು. ಫ್ಲಾರಿಡಾದ ಕ್ರೀಡಾಶಾಲೆಯಿಂದ ನೇರವಾಗಿ ಬಂದ ಇವನು ಕಾಲೇಜಿನಲ್ಲಿ ಆಡಲಿಲ್ಲ. ಆ ಮಟ್ಟದ ಒಂದು ಪಂದ್ಯದಲ್ಲಿಯೂ ಕಾಲಿಡಲಿಲ್ಲ. ಎತ್ತರವು ಬಾಗಿಲನ್ನು ತಟ್ಟಲು ಸಾಕಾಗುವುದೇ ಹೊರತು, ಒಳಗೆ ಕೂರಿಸಲು ಸಾಲದೆಂಬುದಕ್ಕೆ ಇವಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ಉತ್ತರಪಕ್ಷಕ್ಕೂ ಸಾಕ್ಷಿಗಳುಂಟು. ೧೯೫೬ರಲ್ಲಿ ಬಿಲ್ ರಸೆಲ್ ಎಂಬುವನು ಬುಟ್ಟಿಗೆ ಎಸೆಯುವುದರಲ್ಲಿ ನಿಪುಣನಲ್ಲವೆಂದು ಶಂಕಿಸಿದವರುಂಟು. ಮೊದಲು ಆರಿಸುವ ಅಧಿಕಾರವಿದ್ದ ರಾಚೆಸ್ಟರ್ ತಂಡವು ಬೇರೊಬ್ಬನನ್ನು ಕರೆಯಿತು. ಬಾಸ್ಟನ್ ತಂಡವು ತನ್ನ ಇಬ್ಬರು ಆಟಗಾರರನ್ನು ಸೇಂಟ್ ಲೂಯಿಸಿಗೆ ಬಿಟ್ಟುಕೊಟ್ಟು ಅವನನ್ನು ಪಡೆಯಿತು. ಮುಂದಿನ ಹದಿಮೂರು ವರ್ಷಗಳಲ್ಲಿ ಆ ತಂಡಕ್ಕೆ ಹನ್ನೊಂದು ಸಲ ಅಗ್ರಪದವಿ ಬಂದಿತು. ಎದುರಾಳಿಯ ಚೆಂಡನ್ನು ತಡೆಯುವುದೂ ಒಂದು ವಿದ್ಯೆಯೇ ಎಂಬುದನ್ನು ಶಂಕಿಸಿದವರು ಆಮೇಲೆ ಅರಿತರು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಇಲ್ಲಿ ನಮಗೆ ಚರಕಾಚಾರ್ಯರ ನೆನಪಾಗುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತರೆಂದು ಎಣಿಸಿದ ಎಂಟು ಬಗೆಯ ಶರೀರಗಳಲ್ಲಿ ಅತಿದೀರ್ಘನೇ ಮೊದಲಿಗನು. ಅಮೇರಿಕದ ತಂಡಗಳು ಹಣದ ಥೈಲಿಯನ್ನು ಹಿಡಿದು ಅರಸುವುದು ಅವನನ್ನೇ! ಅದು ಅಂತಿರಲಿ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ವೈದ್ಯನು ರೋಗಿಯನ್ನು ಪರೀಕ್ಷಿಸಬೇಕಾದ ಹತ್ತು ದ್ವಾರಗಳನ್ನು ಹೇಳಿರುವರು: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ಹತ್ತರಲ್ಲಿ ಪ್ರಮಾಣ ಎಂಬುದು, ಎಂದರೆ ಅಳತೆ ಎಂಬುದು, ಒಂದೇ ಒಂದು ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಹುಡುಗನಿಗೆ ಇವುಗಳಲ್ಲಿ ಕೆಲವನ್ನು ಅನ್ವಯಿಸಿ ನೋಡೋಣ.

ಪ್ರಮಾಣವನ್ನೇ ಮೊದಲು ತೆಗೆದುಕೊಂಡರೆ, ಚರಕರ ಮತದಲ್ಲಿ ಮನುಷ್ಯನನ್ನು ಅವನ ಬೆರಳಿನಿಂದಲೇ ಅಳೆಯಬೇಕು. ಚಾಚಿದ ತೋಳುಗಳ ಅಗಲವೂ ನಿಂತ ಎತ್ತರವೂ ಸಮನಾಗಿದ್ದರೆ ಅದು ಸಮಶರೀರ. ಈ ಆಟದ ಪರೀಕ್ಷಕರಿಗೆ ಸಮವು ಸಾಲದು. ತೋಳುಗಳು ಎತ್ತರವನ್ನು ಮೀರಿರಬೇಕು. ಈಡಿಯ ಚಾಚಿದ ತೋಳುಗಳ ಅಗಲ ಏಳಡಿ ಹತ್ತಂಗುಲಕ್ಕೂ ಮಿಕ್ಕಿದ್ದಿತು. ಇಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ವಿಕೃತಿಯ ವಿಷಯ ಹಾಗಲ್ಲ. ಒಂದೇ ಆಕಾರದ ಎರಡು ದೇಹಗಳಲ್ಲಿ, ಐದಡಿ ಹತ್ತಂಗುಲದವನಿಗಿಂತ ಏಳಡಿ ನಾಲ್ಕಂಗುಲದವನು ಎತ್ತರದಲ್ಲಿ ಕಾಲುಪಾಲು ಮಾತ್ರ ಹೆಚ್ಚು. ಆದರೆ ತೂಕ ಹೆಚ್ಚುಕಡಿಮೆ ಎರಡರಷ್ಟಾಗುವುದು, ಆ ತೂಕವನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತಾರ ಮಾತ್ರ ಒಂದೂವರೆಯನ್ನು ತುಸು ಮೀರುವುದು. ಗೆಲಿಲಿಯೋ ಮಹಾಶಯನು ೧೬೩೮ರಲ್ಲಿಯೇ ವಿವರಿಸಿದ ಈ ತತ್ತ್ವದಿಂದ, ದೀರ್ಘಕಾಯನ ಮೂಳೆಯ ಒಂದೊಂದು ಅಂಗುಲವೂ ನಮ್ಮದಕ್ಕಿಂತ ಹೆಚ್ಚು ಭಾರವನ್ನು ಹೊರುವುದೆಂಬುದು ಸಿದ್ಧ. ೧೯೭೪ರಲ್ಲಿ ಮೊದಲಿಗನಾಗಿ ಆರಿಸಲ್ಪಟ್ಟ ಬಿಲ್ ವಾಲ್ಟನ್ನನು ಪಾದಗಳ ವ್ಯಾಧಿಯಿಂದ ವರ್ಷಗಟ್ಟಲೆ ಆಡಲಾಗದೆ ಹೋದನು. ಚೀನಾ ದೇಶದ ಯಾವ್ ಮಿಂಗ್, ಏಳಡಿ ಆರಂಗುಲದವನು, ಕಾಲುಗಳ ಪೆಟ್ಟಿನಿಂದಲೇ ೨೦೧೧ರಲ್ಲಿ ನಿವೃತ್ತನಾದನು. ಆದುದರಿಂದ ಎತ್ತರದ ಹುಡುಗನನ್ನು ಪರೀಕ್ಷಿಸುವವರು ಕಣ್ಣನ್ನು ಮೇಲಕ್ಕೆತ್ತುವ ಮೊದಲು ಕೆಳಕ್ಕೆ ತಗ್ಗಿಸಿ ಪಾದಗಳನ್ನು ನೋಡತಕ್ಕುದು.

ವ್ಯಾಯಾಮಶಕ್ತಿಗೆ ಬಂದರೆ, ಈಡಿಯು ಮೊದಲನೆಯ ವರ್ಷ ಆಟವೊಂದರಲ್ಲಿ ಸರಾಸರಿ ಹದಿನೈದು ನಿಮಿಷಕ್ಕಿಂತಲೂ ಕಡಿಮೆ ಕಾಲ ಕಣದಲ್ಲಿದ್ದನು. ನಾಲ್ಕನೆಯ ವರ್ಷ ಮೂವತ್ತೆರಡು ನಿಮಿಷ. ಅಷ್ಟು ಭಾರದ ದೇಹವನ್ನು ಹೊತ್ತು ನಲವತ್ತು ನಿಮಿಷದ ಆಟದಲ್ಲಿ ಮೂವತ್ತೆರಡು ನಿಮಿಷ ಓಡಾಡುವುದು ಸಾಮಾನ್ಯವಲ್ಲ. ಗಳಿಸಿದ ಅಂಕಗಳ ಸರಾಸರಿಯಾದರೋ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ ೮.೭, ೧೪.೪, ೨೨.೩, ೨೫.೨. ಈ ನಾಲ್ಕು ಸಂಖ್ಯೆಗಳೇ ನಮ್ಮ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ಹೃದಯ. ಕಡೆಯ ಸಂಖ್ಯೆ ದೊಡ್ಡದೆಂದಲ್ಲ, ನಾಲ್ಕೂ ಏರುಮುಖವಾಗಿರುವುವೆಂದು. ಅಂಕಪಟ್ಟಿಯನ್ನು ಓದಿ ಪಳಗಿದ ಯಾವ ಉಪಾಧ್ಯಾಯನೂ ಇದನ್ನು ಕಡೆಗಣಿಸಲಾರನು. ಆ ಕಡೆಯ ವರ್ಷ ಬುಟ್ಟಿಗೆ ಹಾಕಲೆತ್ನಿಸಿದ ಪ್ರತಿ ನೂರರಲ್ಲಿ ಅರವತ್ತೆರಡನ್ನು ಗೆದ್ದನು. ಮೇಲೆ ಹೇಳಿದ ಲೆಕ್ಕಕ್ಕೆ ಹಾಕಿದರೆ ನೂರಕ್ಕೆ ನೂರ ಇಪ್ಪತ್ತನಾಲ್ಕು ಅಂಕ. ದೂರದಿಂದೆಸೆಯುವವನ ನೂರೆಂಟನ್ನು ಅದು ಮೀರಿಸುವುದು. ಇಂತು ಒಂದು ಕೊನೆಯಲ್ಲಿ ಕೊಡುವ ಲಾಭವು ಮತ್ತೊಂದು ಕೊನೆಯಲ್ಲಿ ಪಾದಮಾಂದ್ಯದಿಂದಾಗುವ ನಷ್ಟವನ್ನು ತುಂಬಿಸುವುದೇ ಎಂಬುದಷ್ಟೇ ಉಳಿದ ಪ್ರಶ್ನೆ.

ವಯಸ್ಸಿನ ಮಾತು ಸೂಕ್ಷ್ಮವಾದುದು. ೨೦೨೪ರ ಏಪ್ರಿಲ್ ೮ರಂದು ನಡೆದ ಕಾಲೇಜುಗಳ ಅಂತಿಮ ಪಂದ್ಯದಲ್ಲಿ ಈಡಿಗೆ ಎದುರಾಗಿ ನಿಂತವನು ಕನೆಟಿಕಟ್ ವಿಶ್ವವಿದ್ಯಾನಿಲಯದ ಡಾನವನ್ ಕ್ಲಿಂಗನ್, ಏಳಡಿ ಎರಡಂಗುಲದವನು. ಈಡಿ ಮೂವತ್ತೇಳು ಅಂಕ ಗಳಿಸಿದನು. ಆದರೂ ಅವನ ತಂಡ ೬೦–೭೫ರಿಂದ ಸೋತಿತು. ಎರಡೂವರೆ ತಿಂಗಳ ಬಳಿಕ ನಡೆದ ಆಯ್ಕೆಯಲ್ಲಿ ಕ್ಲಿಂಗನ್ ಏಳನೆಯವನಾಗಿ ಈಡಿಗಿಂತ ಮೊದಲೇ ಕರೆಯಲ್ಪಟ್ಟನು. ಒಬ್ಬನಿಗೆ ಇಪ್ಪತ್ತು, ಇನ್ನೊಬ್ಬನಿಗೆ ಇಪ್ಪತ್ತೆರಡು. ಎರಡು ವರ್ಷ ಚಿಕ್ಕವನಿಗೆ ಬೆಳೆಯಲು ಎರಡು ವರ್ಷದ ಎಡೆ ಹೆಚ್ಚೆಂಬುದು ತಂಡಗಳ ತರ್ಕ. ಇದು ಅಸಂಬದ್ಧವಲ್ಲ, ಆದರೆ ಅಸಂಪೂರ್ಣ. ದೇಹಕ್ಕೊಂದು ವಯಸ್ಸು, ವಿದ್ಯೆಗೊಂದು ವಯಸ್ಸು. ಅಕ್ಷರಾಭ್ಯಾಸವನ್ನು ತಡವಾಗಿ ಆರಂಭಿಸಿದ ಶಿಷ್ಯನನ್ನು ಅವನ ಜೊತೆಗಾರರೊಡನೆ ತೂಗುವಾಗ, ಕಲಿಯತೊಡಗಿ ಎಷ್ಟು ವರ್ಷವಾಯಿತೆಂದು ಕೇಳಬೇಡವೇ? ಹೈಸ್ಕೂಲಿನಲ್ಲಿ ಆಟವನ್ನು ಹಿಡಿದ ಈಡಿ, ದೇಹದಲ್ಲಿ ಹಿರಿಯನಾದರೂ ಆಟದ ವಿದ್ಯೆಯಲ್ಲಿ ಕಿರಿಯನು. ಬಾಲ್ಯದಲ್ಲಿ ಹಾಕಿ, ಬೇಸ್‌ಬಾಲುಗಳಲ್ಲಿ ಕೈ ಪಳಗಿದ್ದುದು ಅವನಿಗೆ ಸಾತ್ಮ್ಯ. ನಿರ್ಬಾಧವಾಗಿ ನಿಂತು ಎಸೆಯುವ ದಂಡದೆಸೆತಗಳಲ್ಲಿ ಹತ್ತಕ್ಕೆ ಏಳನ್ನು ಅವನು ಗೆಲ್ಲುತ್ತಿದ್ದನು. ಶಕೀಲ್ ಓನೀಲ್‌ನಂತಹ ಮಹಾಕಾಯನು ಅದರಲ್ಲಿ ಅರ್ಧವನ್ನು ದಾಟಲು ಜೀವಮಾನವಿಡೀ ಹೆಣಗಿದನೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುವುದು.

ಕಡೆಯದಾಗಿ ಸತ್ತ್ವ, ಎಂದರೆ ಮನೋಬಲ. ೨೦೨೩ರ ಮಾರ್ಚಿಯಲ್ಲಿ ಪರ್ಡ್ಯೂ ತಂಡವು ತನ್ನ ವಿಭಾಗದಲ್ಲಿ ಮೊದಲನೆಯ ಶ್ರೇಣಿಯಲ್ಲಿದ್ದು, ಹದಿನಾರನೆಯ ಶ್ರೇಣಿಯ ಫೇರ್ಲಿ ಡಿಕಿನ್ಸನ್ ತಂಡಕ್ಕೆ ೫೮–೬೩ರಿಂದ ಸೋತಿತು. ಆ ವರ್ಷ ಅಮೇರಿಕದ ಮೇಲ್ತರಗತಿಯ ಕಾಲೇಜು ತಂಡಗಳಲ್ಲೆಲ್ಲ ಸರಾಸರಿಯಲ್ಲಿ ಅತಿ ಕುಳ್ಳಾದ ತಂಡ ಅದು! ವಾಮನನ ಮುಂದೆ ಮಹಾಬಲಿಯು ಮಣಿದಂತಾಯಿತು. ಪುರುಷರ ಪಂದ್ಯಾವಳಿಯಲ್ಲಿ ಅಂತಹ ಸೋಲು ಅದಕ್ಕೆ ಮುಂಚೆ ಒಮ್ಮೆ ಮಾತ್ರ, ೨೦೧೮ರಲ್ಲಿ, ಸಂಭವಿಸಿದ್ದಿತು. ಆ ವಸಂತದಲ್ಲಿಯೇ ಈಡಿ ಆಯ್ಕೆಗೆ ಹೆಸರನ್ನು ಕೊಟ್ಟನು. ಮೊದಲನೆಯ ಸುತ್ತಿನಲ್ಲಿ ತನಗೆ ಸ್ಥಾನ ನಿಶ್ಚಯವಿಲ್ಲವೆಂದು ಕಂಡು, ಗಡುವಿನೊಳಗೆ ಹೆಸರನ್ನು ಹಿಂದಕ್ಕೆ ತೆಗೆದುಕೊಂಡು ಕಾಲೇಜಿಗೆ ಮರಳಿದನು. ಇದು ಸುಲಭವಾದ ತೀರ್ಮಾನವೆಂದು ಯಾರೂ ಭಾವಿಸದಿರಲಿ. ಮತ್ತೊಂದು ವರ್ಷದಲ್ಲಿ ಕಾಲು ಮುರಿದಿದ್ದರೆ ಬಂದಷ್ಟೂ ಹೋಗುತ್ತಿದ್ದಿತು. ಪರದೇಶದ ವಿದ್ಯಾರ್ಥಿಯಾದುದರಿ೦ದ, ಅಮೇರಿಕದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಸಂಪಾದಿಸುವ ಜಾಹೀರಾತಿನ ಹಣವೂ ಅವನಿಗೆ ಸರಾಗವಾಗಿ ದಕ್ಕುವಂತಿರಲಿಲ್ಲ. ಮರಳಿ ಬಂದು, ಮರುವರ್ಷ ಟೆನಸಿ ವಿಶ್ವವಿದ್ಯಾನಿಲಯದ ಎದುರು ನಲವತ್ತು ಅಂಕ ಗಳಿಸಿ, ತನ್ನ ತಂಡವನ್ನು ಕಡೆಯ ನಾಲ್ವರೊಳಗೆ ತಂದನು. ನಗೆಪಾಟಲಿಗೆ ಗುರಿಯಾದ ಅಂಗಳಕ್ಕೇ ಹಿಂದಿರುಗಿ ನಿಲ್ಲುವ ಸತ್ತ್ವವನ್ನು ಯಾವ ಅಳತೆಪಟ್ಟಿಯೂ ಹಿಡಿಯಲಾರದು.

ಈ ಪರೀಕ್ಷೆಗಳನ್ನೆಲ್ಲ ಕೂಡಿಸಿದರೆ ಬರುವ ಸಿದ್ಧಾಂತವೇನು? ಇಂತಹ ಹುಡುಗನನ್ನು ಎಲ್ಲ ತಂಡಗಳಿಗೂ ಸಮಾನವಾಗಿ ಒಳ್ಳೆಯವನೆನ್ನುವುದೂ ತಪ್ಪು, ಎಲ್ಲ ತಂಡಗಳಿಗೂ ಸಮಾನವಾಗಿ ಕೆಟ್ಟವನೆನ್ನುವುದೂ ತಪ್ಪು. ಕೂಡಿಸುವ ಜೊತೆಗಾರರನ್ನು ನೋಡಿ ಹೇಳಬೇಕು. ಹೊರಗಿನ ಗೆರೆಯನ್ನು ಕಾಯಬಲ್ಲ ಲಘುಪಾದನೊಬ್ಬನು ಪಕ್ಕದಲ್ಲಿದ್ದರೆ ಇವನು ಬುಟ್ಟಿಯ ಬಳಿ ತನ್ನ ಕೆಲಸವನ್ನು ಮಾಡಿಯಾನು. ಇಲ್ಲದಿದ್ದರೆ ಎರಡೂ ಕೆಡುವುವು. ೨೦೨೪ರ ಜೂನ್ ೨೬ರಂದು ಒಂಬತ್ತನೆಯವನಾಗಿ ಇವನನ್ನು ಆರಿಸಿದುದು ಮೆಂಫಿಸ್ ತಂಡ. ಹದಿನೈದು ವರ್ಷಗಳ ಹಿಂದೆ ತಬೀತನಿಂದ ಕೈ ಸುಟ್ಟುಕೊಂಡಿದ್ದ ತಂಡವೇ! ಆದರೆ ಆಗ ಆ ತಂಡದಲ್ಲಿ, ೨೦೨೩ರಲ್ಲಿ ರಕ್ಷಣೆಯಲ್ಲಿ ದೇಶಕ್ಕೇ ಶ್ರೇಷ್ಠನೆನಿಸಿದ ಜ್ಯಾರನ್ ಜಾಕ್ಸನ್ ಇದ್ದನು. ಬಲಶಾಲಿಯಾದ ಹಳೆಯ ಸೆಂಟರ್ ಸ್ಟೀವನ್ ಆಡಮ್ಸ್ ಅದೇ ವರ್ಷ ಬೇರೆ ತಂಡಕ್ಕೆ ಹೋಗಿ ಸ್ಥಾನ ತೆರವಾಗಿದ್ದಿತು. ತಬೀತನ ಆಯ್ಕೆಯಲ್ಲಿ ಎತ್ತರವನ್ನು ಕೊಂಡರು. ಈಡಿಯ ಆಯ್ಕೆಯಲ್ಲಿ ಕೊರತೆಯಿದ್ದ ಎಡೆಗೆ ಹೊಂದುವ ಕಲ್ಲನ್ನು ತಂದರು.

ಮೊದಲನೆಯ ವರ್ಷದಲ್ಲಿ ಈಡಿ ಅರವತ್ತಾರು ಪಂದ್ಯಗಳಲ್ಲಿ ಆಡಿ, ಸರಾಸರಿ ೯.೨ ಅಂಕಗಳನ್ನೂ, ಬುಟ್ಟಿಗೆ ತಪ್ಪಿ ಬಿದ್ದ ೮.೩ ಚೆಂಡುಗಳನ್ನೂ ತನ್ನದಾಗಿಸಿಕೊಂಡು, ೨೦೨೫ರಲ್ಲಿ ಹೊಸಬರ ಶ್ರೇಷ್ಠ ಐವರ ಪಂಕ್ತಿಯಲ್ಲಿ ಕುಳಿತನು. ಪರೀಕ್ಷಕರ ಶಂಕೆ ಸುಳ್ಳಾಯಿತೆಂದು ಹಿಗ್ಗುವಷ್ಟರಲ್ಲಿ, ಅದೇ ವರ್ಷದ ಜೂನಿನಲ್ಲಿ ಕಾಲಿನ ಹರಡಿಗೆ ಶಸ್ತ್ರಚಿಕಿತ್ಸೆಯಾಯಿತು. ಗೆಲಿಲಿಯೋ ಹೇಳಿದ ಲೆಕ್ಕವು ಯಾರನ್ನೂ ಬಿಡುವುದಿಲ್ಲ. ಇವನ ಆಯುಷ್ಯದ ಉಳಿದ ಪಂದ್ಯಗಳನ್ನು ನಿರ್ಣಯಿಸುವವು ಆ ಎರಡು ಪಾದಗಳೇ.

ಕಾಲೇಜಿನ ಎತ್ತರದ ಹುಡುಗನನ್ನು ಮುಂದೆ ಯಾರೇ ಪರೀಕ್ಷಿಸಲಿ, ಕೇಳತಕ್ಕ ಪ್ರಶ್ನೆಗಳು ನಾಲ್ಕೆಂದು ನಮಗೆ ತೋರುವುದು. ವರ್ಷದಿಂದ ವರ್ಷಕ್ಕೆ ಕಲಿತನೇ? ನಿಯಮ ಬಿಗಿಯಾದರೂ ಉಳಿಯುವಂತಹ ಒಂದು ವಿದ್ಯೆ ಅವನಲ್ಲಿದೆಯೇ? ಪಾದಗಳು ಗಟ್ಟಿಯಾಗಿರುವುವೇ? ಹೋಗುವ ಮನೆಯಲ್ಲಿ ಅವನ ಕೊರತೆಯನ್ನು ತುಂಬುವವರಿರುವರೇ? ಇವನ್ನು ಕೇಳಿದ ಬಳಿಕ ಬೇಕಾದರೆ ಅಳತೆಯ ಪಟ್ಟಿಯನ್ನು ತರಿಸಲಿ. ನಮ್ಮ ಗೃಹಸ್ಥರಾದರೂ ಮಗನ ಪರೀಕ್ಷೆಯ ಅಂಕಪಟ್ಟಿಯನ್ನು ಕೈಗೆತ್ತಿಕೊಂಡಾಗ, ಕಡೆಯ ಸಾಲಿನ ದೊಡ್ಡ ಸಂಖ್ಯೆಯೊಂದನ್ನೇ ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು. ಹಿಂದಿನ ಮೂರು ವರ್ಷಗಳ ಪಟ್ಟಿಗಳನ್ನೂ ಪೆಟ್ಟಿಗೆಯಿಂದ ತೆಗೆದು ಸಾಲಾಗಿ ಹರಡಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕನ್ನೂ ಒಟ್ಟಿಗೆ ಓದಲಿ.